ಮುಂಗೈ ನಾಳಕ್ಕೆ ಲಕ್ಷ ಕನ್ನಡಿ

ಅಂಕಣ: ವಿಜ್ಞಾನದ ಕಿಟಕಿ

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಣ್ಣಿಗೆ ನೇರವಾಗಿ ಕಾಣುವುದಕ್ಕೆ ಸಾಧನ ಯಾಕೆ ಎಂಬುದು ಅದರ ಅರ್ಥ. ಹುಣ್ಣಿನ ಮಟ್ಟಿಗೆ ಮಾತು ಸರಿ. ಆದರೆ ಅದೇ ಕೈಯನ್ನು ಸ್ವಲ್ಪ ಮೇಲೆತ್ತಿ ಮುಂಗೈ ನೋಡಿಕೊಳ್ಳಿ. ಅಲ್ಲಿ ಚರ್ಮದಡಿಯಲ್ಲಿ ಹರಿಯುವ ರಕ್ತನಾಳಗಳಲ್ಲಿ ಎಷ್ಟು ಕಾಣುತ್ತವೆ? ತೆಳ್ಳಗಿದ್ದವರಿಗೆ ಒಂದೆರಡು ನೀಲಿ ಗೆರೆ ಕಂಡೀತು. ಮೈತುಂಬಿಕೊಂಡ ಎಳೆಮಗುವಿನ ಕೈಯಲ್ಲಿ ಅದೂ ಕಾಣದು. ವಯಸ್ಸಾದವರಲ್ಲಿ ಕಂಡರೂ ಸೂಜಿ ತಾಗಿದೊಡನೆ ಜಾರಿಹೋಗುತ್ತದೆ. ‘ನರ ಸಿಗ್ತಾ ಇಲ್ಲ’ ಎಂದು ನರ್ಸು ಎಡಗೈ ಬಿಟ್ಟು ಬಲಗೈ ಹಿಡಿದಾಗ, ಹಾಸಿಗೆಯ ಪಕ್ಕ ನಿಂತ ತಾಯಿಯ ಮುಖ ಹೇಗಾಗುತ್ತದೆ ಎಂಬುದನ್ನು ಮಕ್ಕಳನ್ನು ಸಾಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನರ ಎಂದು ನಾವು ಹೇಳುವುದು ರೂಢಿಯ ಮಾತು. ಸೂಜಿಗೆ ಬೇಕಾದದ್ದು ಅಭಿಧಮನಿ, ಅಂದರೆ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳ. ಈ ನಾಳವನ್ನು ಚುಚ್ಚುವ ಮೊದಲೇ ಚರ್ಮದ ಮೇಲೆ ಚಿತ್ರ ಬಿಡಿಸಿದಂತೆ ತೋರಿಸುವ ಯಂತ್ರ ಇದೆ. ಅದು ಕಣ್ಣಿಗೆ ಕಾಣದ ಬೆಳಕಿನಲ್ಲಿ ಕೈಯ ಫೋಟೋ ಹಿಡಿಯುತ್ತದೆ. ಆಮೇಲೆ ಲಕ್ಷಗಟ್ಟಲೆ ಪುಟಾಣಿ ಕನ್ನಡಿಗಳ ಸಹಾಯದಿಂದ ಆ ಫೋಟೋವನ್ನು ಕಾಣುವ ಬೆಳಕಿನಲ್ಲಿ ಅದೇ ಕೈಯ ಮೇಲೆ ಚೆಲ್ಲುತ್ತದೆ. ಇಷ್ಟೇ ಅಲ್ಲ, ಅದೇ ಕನ್ನಡಿಗಳಿಂದ ಕಾಣದ ಬೆಳಕಿನ ಚಿತ್ರವನ್ನೂ ಎಸೆಯಬಹುದು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಇದನ್ನು ಪ್ರಾಜೆಕ್ಟ್ ಆಗಿ ಕೈಗೆತ್ತಿಕೊಳ್ಳಬಹುದು. ‘ಯಾರಿಗೂ ಕಾಣದ ಚಿತ್ರ ಎಸೆದು ಏನು ಪ್ರಯೋಜನ?’ ಎಂದು ಮನೆಯ ಹಿರಿಯರು ಕೇಳುವುದೂ ಸಹಜವೇ. ಈ ತಿಂಗಳು ಅದನ್ನೇ ನೋಡೋಣ.

ಕೆಂಪಿನ ಆಚೆ

ಮೊದಲು ಕಾಣದ ಬೆಳಕಿನ ಪರಿಚಯ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞ ಇಂಗ್ಲೆಂಡಿನಲ್ಲಿ ಒಂದು ಸರಳ ಪ್ರಯೋಗ ಮಾಡಿದ. ಈತ ವೃತ್ತಿಯಿಂದ ಸಂಗೀತಗಾರ. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದವನೂ ಇವನೇ. ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಹರಡಿದ ಕಾಮನಬಿಲ್ಲಿನ ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ಬಿಸಿ ಅಳೆದ. ಕೆಂಪು ಮುಗಿದು ಏನೂ ಕಾಣದ ಕಡೆ ಇಟ್ಟ ಥರ್ಮಾಮೀಟರ್ ಕೂಡ ಏರಿತು. ಕೆಂಪಿನ ಆಚೆಯೂ ಬೆಳಕಿದೆ, ನಮ್ಮ ಕಣ್ಣಿಗೆ ಅದು ನಿಲುಕುವುದಿಲ್ಲ ಎಂಬುದು ಹೀಗೆ ತಿಳಿಯಿತು. ಇದನ್ನೇ ಇನ್ಫ್ರಾರೆಡ್, ಕನ್ನಡದಲ್ಲಿ ಅವಕೆಂಪು ಎನ್ನುತ್ತೇವೆ.

ನಮ್ಮ ಕಣ್ಣು ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಮಾತ್ರ. ಕ್ಯಾಮೆರಾದೊಳಗಿನ ಸಿಲಿಕಾನ್ ಚಿಪ್ಪು ಸುಮಾರು 1100ರ ತನಕ ಕಾಣಬಲ್ಲದು. ನಂಬಿಕೆ ಬಾರದಿದ್ದರೆ ಈಗಲೇ ಪರೀಕ್ಷಿಸಿ. ಟಿವಿಯ ರಿಮೋಟನ್ನು ಮೊಬೈಲಿನ ಮುಂಬದಿಯ ಕ್ಯಾಮೆರಾಕ್ಕೆ ತೋರಿಸಿ ಗುಂಡಿ ಒತ್ತಿ. ಬಹಳಷ್ಟು ಫೋನುಗಳಲ್ಲಿ ರಿಮೋಟಿನ ತುದಿಯ ಪುಟ್ಟ ದೀಪ ಮಿನುಗುವುದು ಪರದೆಯಲ್ಲಿ ಕಾಣುತ್ತದೆ. ಬರಿಗಣ್ಣಿಗೆ ಏನೂ ಇಲ್ಲ. ಹಿಂಬದಿಯ ದೊಡ್ಡ ಕ್ಯಾಮೆರಾದಲ್ಲಿ ಇದು ಕಾಣದಿರಬಹುದು. ಫೋಟೋದ ಬಣ್ಣ ಕೆಡದಿರಲೆಂದು ಅಲ್ಲಿ ಅವಕೆಂಪನ್ನು ತಡೆಯುವ ಫಿಲ್ಟರ್ ಕೂರಿಸಿರುತ್ತಾರೆ.

ಇನ್ನೊಂದು ಉದಾಹರಣೆ ನಿಮ್ಮ ಸೊಸೈಟಿಯ ಗೇಟಿನಲ್ಲೇ ಇದೆ. ಅಲ್ಲಿನ ಸಿಸಿಟಿವಿ ಹಗಲು ಬಣ್ಣದ ಚಿತ್ರ ಕೊಡುತ್ತದೆ, ರಾತ್ರಿ ಕಪ್ಪು-ಬಿಳುಪು. ಕತ್ತಲಾದ ಮೇಲೆ ಅದು ತನ್ನ ಸುತ್ತಲಿನ ಅವಕೆಂಪು ದೀಪಗಳನ್ನು ಹೊತ್ತಿಸಿಕೊಂಡು ನೋಡುತ್ತದೆ. ಹತ್ತಿರ ಹೋದರೆ ಮಂದವಾದ ಕೆಂಪು ಚುಕ್ಕೆಗಳು ಕಂಡಾವು. ಅದು 850 ನ್ಯಾನೋಮೀಟರ್ ದೀಪದ ಅಂಚಿನಲ್ಲಿ ಸೋರುವ ಅಲ್ಪ ಬೆಳಕು; ನಿಜವಾದ ಬೆಳಕಿನ ಬಹುಪಾಲು ನಮಗೆ ಕಾಣುವುದೇ ಇಲ್ಲ. ಅವಕೆಂಪಿಗೆ ನಮ್ಮ ಕಣ್ಣು ಕೊಟ್ಟ ಬಣ್ಣವೆಂಬುದಿಲ್ಲವಾದ್ದರಿಂದ ಆ ಚಿತ್ರವನ್ನು ಬೂದು ಛಾಯೆಗಳಲ್ಲಿ ತೋರಿಸುವುದು ರೂಢಿ. ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು. ಅವಕೆಂಪು ಚಿತ್ರದ ಸಂಸಾರವೆಲ್ಲ ನಡೆಯುವುದು ಈ ಬೂದು ಮೆಟ್ಟಿಲುಗಳ ಮೇಲೆ.

ಬೇರೆ ಬೆಳಕಿನಲ್ಲಿ ಲೋಕವೂ ಬೇರೆಯೇ ಕಾಣುತ್ತದೆ. ಹಸಿರೆಲೆ ಹಿಮದಂತೆ ಬೆಳ್ಳಗಾಗುತ್ತದೆ. ಕಪ್ಪು ಬಣ್ಣ ಹಾಕಿದ ಎಷ್ಟೋ ಬಟ್ಟೆಗಳು ಬೂದಾಗಿಯೋ ಬಿಳಿಯಾಗಿಯೋ ತೋರುತ್ತವೆ. ಆದರೆ ಕಾಡಿಗೆ, ಮಸಿಯಂಥ ಇಂಗಾಲದ ಕಪ್ಪು ಅಲ್ಲಿಯೂ ಕಪ್ಪೇ. ಈ ಒಂದು ವ್ಯತ್ಯಾಸ ನಮ್ಮ ಉಡುಪಿಗೆ ದೊಡ್ಡ ಉಪಕಾರ ಮಾಡಿದೆ. ಅಲ್ಲಿನ ಪಲಿಮಾರು ಮಠದಲ್ಲಿದ್ದ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಓಲೆಗರಿಗಳು ಕಾಲಕ್ರಮದಲ್ಲಿ ಕಂದಿ, ಅಕ್ಷರಕ್ಕೂ ಗರಿಗೂ ಭೇದ ತಿಳಿಯದಂತಾಗಿದ್ದವು. ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ. ಆರ್. ಮುಕುಂದ್ ಹಾಗೂ ರೋಜರ್ ಈಸ್ಟನ್ ಅವರ ತಂಡ 2006ರ ಹೊತ್ತಿಗೆ ಅವುಗಳ ಚಿತ್ರಗಳನ್ನು ಅವಕೆಂಪಿನಲ್ಲಿ ಹಿಡಿಯಿತು. ಕಂದಿದ ಗರಿ ತಿಳಿಯಾಯಿತು, ಅಕ್ಷರದ ಗೀರಿನೊಳಗಿನ ಮಸಿ ಕಪ್ಪಾಗಿಯೇ ಉಳಿಯಿತು, ಓದಲು ಬಂತು. ಕಣ್ಣು ಒಂದೇ ಬಣ್ಣವೆಂದು ಕೈಚೆಲ್ಲಿದ ಕಡೆ ಬೂದು ಮೆಟ್ಟಿಲುಗಳು ಭೇದ ತೋರಿಸಿಕೊಟ್ಟವು.

ಎರಡೇ ಮಾತು ಬಲ್ಲ ಕನ್ನಡಿ

ಇನ್ನು ಚಿತ್ರವನ್ನು ಎಸೆಯುವ ಯಂತ್ರ. ನಮ್ಮ ಸಭಾಂಗಣಗಳಲ್ಲಿ, ಮಕ್ಕಳ ಶಾಲೆಗಳಲ್ಲಿ ನೋಡುವ ಪ್ರೊಜೆಕ್ಟರುಗಳಲ್ಲಿ ಒಂದು ಬಗೆಯದಕ್ಕೆ ಡಿ.ಎಲ್.ಪಿ. ಎಂದು ಹೆಸರು. ಅದರ ಹೃದಯದಲ್ಲಿರುವ ಚಿಪ್ಪನ್ನು 1987ರಲ್ಲಿ ರೂಪಿಸಿದವರು ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್. 1996ರಲ್ಲಿ ಈ ಚಿಪ್ಪಿನ ಪ್ರೊಜೆಕ್ಟರುಗಳು ಮಾರುಕಟ್ಟೆಗೆ ಬಂದವು; 1999ರಲ್ಲಿ ಅಮೆರಿಕದ ಕೆಲವು ಚಿತ್ರಮಂದಿರಗಳಲ್ಲಿ ‘ಸ್ಟಾರ್ ವಾರ್ಸ್’ ಸರಣಿಯ ಹೊಸ ಚಿತ್ರವನ್ನು ರೀಲು ಇಲ್ಲದೆ ತೋರಿಸಲು ಇದೇ ನೆರವಾಯಿತು. ಸಿನಿಮಾವನ್ನು ರೀಲಿನಿಂದ ಬಿಡಿಸಿದ್ದಕ್ಕಾಗಿ ಹಾರ್ನ್‌ಬೆಕ್ ಅವರಿಗೆ 2015ರಲ್ಲಿ ಆಸ್ಕರ್ ಪ್ರತಿಮೆಯೇ ಸಂದಿತು. ನಟನೂ ಅಲ್ಲದ, ನಿರ್ದೇಶಕನೂ ಅಲ್ಲದ ಒಬ್ಬ ವಿಜ್ಞಾನಿಗೆ!

ಉಗುರಿನಷ್ಟು ಅಗಲದ ಆ ಚಿಪ್ಪಿನ ಮೇಲೆ ಅಲ್ಯೂಮಿನಿಯಂನ ಚೌಕ ಕನ್ನಡಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಮೊದಮೊದಲ ಚಿಪ್ಪುಗಳಲ್ಲಿ ಒಂದೊಂದು ಕನ್ನಡಿಯ ಅಗಲ ಸುಮಾರು 16 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಅರವತ್ತು ಕನ್ನಡಿ ಕೂರಬಹುದು. ಅಡ್ಡಕ್ಕೆ 1024, ಉದ್ದಕ್ಕೆ 768 ಚುಕ್ಕೆಗಳ ಚಿತ್ರವಾದರೆ ಒಟ್ಟು 7,86,432 ಕನ್ನಡಿಗಳು. ಒಂದೊಂದು ಕನ್ನಡಿಯೂ ತನ್ನ ಕೀಲಿನ ಮೇಲೆ ಆ ಕಡೆ ಹನ್ನೆರಡು ಡಿಗ್ರಿ, ಈ ಕಡೆ ಹನ್ನೆರಡು ಡಿಗ್ರಿ ವಾಲಬಲ್ಲದು. ಒಂದು ಕಡೆ ವಾಲಿದರೆ ದೀಪದ ಬೆಳಕು ಲೆನ್ಸಿನ ಮೂಲಕ ಪರದೆಗೆ ಹೋಗುತ್ತದೆ. ಇನ್ನೊಂದು ಕಡೆ ವಾಲಿದರೆ ಒಳಗಿನ ಗೋಡೆಗೆ ಬಡಿದು ವ್ಯರ್ಥವಾಗುತ್ತದೆ. ಹೌದು, ಇಲ್ಲ. ಎರಡೇ ಮಾತು. ನಡುವೆ ಅರ್ಧಂಬರ್ಧ ನಿಲ್ಲುವ ಅಭ್ಯಾಸ ಅದಕ್ಕಿಲ್ಲ.

ಹಾಗಾದರೆ ಬೂದು ಬಣ್ಣ ಎಲ್ಲಿಂದ ಬಂತು? ಮುಂಬೈಯಲ್ಲಿ ಇರುವವರಿಗೆ ಇದು ತಕ್ಷಣ ಅರ್ಥವಾದೀತು. ಗೊತ್ತಾದ ಹೊತ್ತಿಗೆ ಮಾತ್ರ ನೀರು ಬರುವ ಕಟ್ಟಡಗಳಲ್ಲಿ ನಲ್ಲಿಗೆ ಎರಡೇ ಸ್ಥಿತಿ: ಬರುತ್ತಿದೆ ಅಥವಾ ಇಲ್ಲ. ಹಂಡೆ ಎಷ್ಟು ತುಂಬಿತು ಎಂಬುದು ಎಷ್ಟು ನಿಮಿಷ ಬಂತು ಎಂಬುದರ ಮೇಲೆ ನಿಂತಿದೆ. ಕನ್ನಡಿಯೂ ಹಾಗೆಯೇ. ಸೆಕೆಂಡಿಗೆ ಅರವತ್ತು ಚಿತ್ರ ತೋರಿಸುವ ಪ್ರೊಜೆಕ್ಟರಿನಲ್ಲಿ ಒಂದು ಚಿತ್ರದ ಆಯುಷ್ಯ ಸುಮಾರು 16.7 ಮಿಲಿಸೆಕೆಂಡ್. ಅದನ್ನು 255 ಪಾಲು ಮಾಡಿದರೆ ಒಂದು ಪಾಲು 65 ಮೈಕ್ರೋಸೆಕೆಂಡ್. ಕನ್ನಡಿ 255 ಪಾಲೂ ತೆರೆದಿದ್ದರೆ ಪೂರ್ಣ ಬಿಳಿ, ಒಂದು ಪಾಲೂ ತೆರೆಯದಿದ್ದರೆ ಕಪ್ಪು, 150 ಪಾಲು ತೆರೆದರೆ ತಿಳಿ ಬೂದು. ಅಷ್ಟನ್ನೂ ಒಂದೇ ಬಾರಿ ತೆರೆಯುವುದಿಲ್ಲ. 1, 2, 4, 8, 16, 32, 64, 128 ಎಂಬ ಎಂಟು ಕಂತುಗಳಿವೆ. 150 ಬೇಕಾದರೆ 128, 16, 4, 2ರ ಕಂತುಗಳಲ್ಲಿ ತೆರೆದು, ಉಳಿದವುಗಳಲ್ಲಿ ಮುಚ್ಚುತ್ತದೆ. ನಮ್ಮ ಕಣ್ಣು ನಿಧಾನಸ್ಥ. ಕಂತುಗಳನ್ನೆಲ್ಲ ಒಟ್ಟು ಕೂಡಿಸಿ ಬೂದು ಎಂದು ಒಪ್ಪಿಕೊಂಡುಬಿಡುತ್ತದೆ.

ಇಷ್ಟನ್ನು ನೆನಪಿಟ್ಟುಕೊಳ್ಳಿ: ಡಿ.ಎಲ್.ಪಿ.ಯಲ್ಲಿ ಬೂದು ಎಂದರೆ ಬಣ್ಣವಲ್ಲ, ಹೊತ್ತು. ಮುಂದಿನ ಕಷ್ಟಗಳಲ್ಲಿ ಹೆಚ್ಚಿನವು ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಎಸೆಯುವ ಕೆಲಸ

ಕನ್ನಡಿಗೆ ಬಣ್ಣದ ಭೇದವಿಲ್ಲ. ಅಲ್ಯೂಮಿನಿಯಂ ಅವಕೆಂಪನ್ನೂ ಚೆನ್ನಾಗಿಯೇ ಪ್ರತಿಫಲಿಸುತ್ತದೆ. ಅಡ್ಡಿ ಇರುವುದು ಸುತ್ತಲಿನ ಪರಿವಾರದಲ್ಲಿ. ಹಳೆಯ ಬಗೆಯ ಪ್ರೊಜೆಕ್ಟರಿನಲ್ಲಿ ಪಾದರಸದ ದೀಪ, ಅದರ ಮುಂದೆ ಬಿಸಿಯನ್ನು ತಡೆಯುವ ಫಿಲ್ಟರ್, ಆಮೇಲೆ ಗಿರಗಿರ ತಿರುಗುವ ಬಣ್ಣದ ಗಾಜಿನ ಚಕ್ರ. ಚಕ್ರದ ಕೆಂಪು ಭಾಗ ಬಂದಾಗ ಕನ್ನಡಿಗಳು ಕೆಂಪು ಚಿತ್ರಕ್ಕೆ ತಕ್ಕಂತೆ ವಾಲುತ್ತವೆ, ಹಸಿರು ಬಂದಾಗ ಹಸಿರಿಗೆ. ಫಿಲ್ಟರ್ ತೆಗೆಯದೆ ಅವಕೆಂಪು ಹೊರಬರದು. ಚಕ್ರ ತೆಗೆದರೆ ಅದರ ಗತಿಯನ್ನು ಗಮನಿಸುವ ಸಂವೇದಕಕ್ಕೆ ಸುದ್ದಿ ತಪ್ಪಿ ಯಂತ್ರ ಮುಷ್ಕರ ಹೂಡುತ್ತದೆ.

ಎಲ್‌ಇಡಿ ಪ್ರೊಜೆಕ್ಟರುಗಳಲ್ಲಿ ಈ ತಾಪತ್ರಯ ಕಡಿಮೆ. ಅಲ್ಲಿ ಚಕ್ರವಿಲ್ಲ, ಕೆಂಪು, ಹಸಿರು, ನೀಲಿ ಮೂರು ದೀಪಗಳು ಸರದಿಯಂತೆ ಹೊತ್ತಿ ಆರುತ್ತವೆ. ಕೆಂಪು ದೀಪದ ಜಾಗದಲ್ಲಿ 850 ನ್ಯಾನೋಮೀಟರ್ ದೀಪ ಕೂರಿಸಿದರೆ, ಕಂಪ್ಯೂಟರ್ ‘ಕೆಂಪು’ ಎಂದು ಕಳುಹಿಸಿದ್ದೆಲ್ಲ ಅವಕೆಂಪಾಗಿ ಹೊರಬೀಳುತ್ತದೆ. ಇದರಲ್ಲೊಂದು ಸೊಗಸಿದೆ. ಹಸಿರು-ನೀಲಿಯಲ್ಲಿ ಜನರಿಗೆ ಕಾಣುವ ಚಿತ್ರ, ಅದೇ ಹೊತ್ತಿಗೆ ‘ಕೆಂಪಿ’ನಲ್ಲಿ ಕ್ಯಾಮೆರಾಕ್ಕೆ ಮಾತ್ರ ಕಾಣುವ ಇನ್ನೊಂದು ಚಿತ್ರ! ಒಂದೇ ರಂಗಮಂಚದ ಮೇಲೆ ಎರಡು ನಾಟಕ. ಆದರೆ ಮೂರೂ ಬೆಳಕನ್ನು ಒಂದು ದಾರಿಗೆ ತರುವ ಒಳಗಿನ ಗಾಜುಗಳು ಅವಕೆಂಪನ್ನು ಕೆಂಪಿನಂತೆಯೇ ನಡೆಸಿಕೊಳ್ಳುತ್ತವೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಚಿಪ್ಪಿನ ಮೇಲಿನ ಗಾಜಿನ ಮುಚ್ಚಳಕ್ಕೂ ಕಾಣುವ ಬೆಳಕಿಗೆಂದೇ ಲೇಪ ಹಚ್ಚಿರುತ್ತಾರೆ. ಅವಕೆಂಪಿಗೆಂದೇ ಬೇರೆ ಲೇಪದ ಚಿಪ್ಪುಗಳನ್ನೂ ಅದೇ ಕಂಪನಿ ತಯಾರಿಸುತ್ತದೆ.

ಫೋಕಸ್ಸಿನ ಮಾತೂ ಇದೆ. ಮನೆಯಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾ ಇದ್ದರೆ ಅದರ ಲೆನ್ಸಿನ ದೂರದ ಅಂಕೆಗಳ ಪಕ್ಕ ಒಂದು ಪುಟ್ಟ ಕೆಂಪು ಗುರುತು ಕಾಣಬಹುದು. ಅದು ಅಲಂಕಾರಕ್ಕಲ್ಲ. ಅವಕೆಂಪು ಫಿಲ್ಮ್ ಹಾಕಿದಾಗ ಫೋಕಸ್ಸನ್ನು ಅಲ್ಲಿಗೆ ಸರಿಸಬೇಕು ಎಂಬ ಸೂಚನೆ. ಗಾಜು ಒಂದೊಂದು ತರಂಗಾಂತರವನ್ನೂ ಒಂದೊಂದು ಪ್ರಮಾಣದಲ್ಲಿ ಬಗ್ಗಿಸುತ್ತದೆ. ಪ್ರೊಜೆಕ್ಟರಿನಲ್ಲೂ ಅಷ್ಟೇ, ಹಸಿರಿನಲ್ಲಿ ಚೊಕ್ಕವಾಗಿ ಮೂಡಿದ ಚಿತ್ರ ಅವಕೆಂಪಿನಲ್ಲಿ ಮಬ್ಬಾಗಿ ಬೀಳಬಹುದು. ಕಣ್ಣಿಗೆ ಕಾಣದ್ದರಿಂದ ಮಬ್ಬಾದದ್ದೂ ತಿಳಿಯುವುದಿಲ್ಲ. ಕ್ಯಾಮೆರಾದಲ್ಲಿ ನೋಡುತ್ತಲೇ ಸರಿಪಡಿಸಬೇಕು.

ಹಿಡಿಯುವ ಕೆಲಸ

ಕ್ಯಾಮೆರಾದಲ್ಲಿ ಮಾಡಬೇಕಾದ್ದು ಇದರ ಉಲ್ಟಾ. ಅವಕೆಂಪನ್ನು ತಡೆಯುವ ಫಿಲ್ಟರ್ ತೆಗೆದು, ಕಾಣುವ ಬೆಳಕನ್ನು ತಡೆಯುವ ಫಿಲ್ಟರ್ ಹಾಕಬೇಕು. ಅಂಗಡಿಯಲ್ಲಿ ಸಿಗುತ್ತದೆ, ಮಕ್ಕಳ ಪ್ರಯೋಗಕ್ಕೆ ಕಪಾಟಿನಲ್ಲೇ ಇದೆ. ಹಳೆಯ ಕಲರ್ ನೆಗೆಟಿವ್ ರೋಲುಗಳ ತುದಿಯಲ್ಲಿ ಬೆಳಕು ಬಿದ್ದು ಪೂರ್ತಿ ಕಪ್ಪಾದ ಒಂದು ತುಂಡು ಇರುತ್ತದಲ್ಲ, ಅದು ಕಣ್ಣಿಗೆ ಕಪ್ಪು, ಅವಕೆಂಪಿಗೆ ಕಿಟಕಿ. ಕಪ್ಪು-ಬಿಳುಪು ನೆಗೆಟಿವ್ ಆಗದು. ಅದರ ಕಪ್ಪು ಬೆಳ್ಳಿಯ ಕಣಗಳದ್ದು, ಅವಕೆಂಪನ್ನೂ ತಡೆಯುತ್ತದೆ.

ಈಗ ‘ಬೂದು ಎಂದರೆ ಹೊತ್ತು’ ಎಂಬ ಮಾತಿಗೆ ಬನ್ನಿ. ಕಣ್ಣು ಹಂಡೆಯಾದರೆ ಕ್ಯಾಮೆರಾ ಚೊಂಬು. ನಲ್ಲಿಯ ಕೆಳಗೆ ಅದನ್ನು ಯಾವಾಗ ಹಿಡಿದಿರಿ, ಎಷ್ಟು ಹೊತ್ತು ಹಿಡಿದಿರಿ ಎಂಬುದರ ಮೇಲೆ ನೀರು. ಒಂದು ಚುಕ್ಕೆಗೆ 128 ಪಾಲು, ಪಕ್ಕದ ಚುಕ್ಕೆಗೆ 127 ಪಾಲು ಎಂದಿಟ್ಟುಕೊಳ್ಳಿ. ಕಣ್ಣಿಗೆ ಎರಡೂ ಒಂದೇ. ಆದರೆ 128 ಎಂದರೆ ಕೊನೆಯ ದೊಡ್ಡ ಕಂತೊಂದೇ. 127 ಎಂದರೆ ಅದೊಂದನ್ನು ಬಿಟ್ಟು ಉಳಿದ ಏಳೂ. ದೊಡ್ಡ ಕಂತಿನ ನಡುವೆ ಕ್ಯಾಮೆರಾ ಸೆಕೆಂಡಿನ ಐನೂರನೇ ಒಂದು ಭಾಗ ಮಾತ್ರ ಕಣ್ಣು ತೆರೆದರೆ, ಮೊದಲನೆಯದು ಪೂರ್ತಿ ಬಿಳಿ, ಎರಡನೆಯದು ಪೂರ್ತಿ ಕಪ್ಪು! ಈಗಿನ ಪ್ರೊಜೆಕ್ಟರುಗಳು ದೊಡ್ಡ ಕಂತನ್ನು ಒಡೆದು ಹಂಚುತ್ತವೆ, ಆದರೂ ತತ್ತ್ವ ಇದೇ. ಆದ್ದರಿಂದ ಕ್ಯಾಮೆರಾ ಒಂದು ಚಿತ್ರದ ಪೂರ್ಣ ಆಯುಷ್ಯದಷ್ಟು ಅಥವಾ ಅದರ ಎರಡು, ಮೂರು ಪಟ್ಟು ಹೊತ್ತು ತೆರೆದಿರಬೇಕು. ಪ್ರೊಜೆಕ್ಟರೇ ‘ಈಗ ತೆರೆ’ ಎಂದು ಕ್ಯಾಮೆರಾಕ್ಕೆ ಸಂಕೇತ ಕೊಟ್ಟರೆ ಉತ್ತಮ. ಅದಿಲ್ಲದಿದ್ದರೆ ಅರ್ಧ ಸೆಕೆಂಡ್ ತೆರೆದಿಡಿ. ಮೂವತ್ತು ಚಿತ್ರಗಳು ಕೂಡಿಬರುವುದರಿಂದ ಮೊದಲು-ಕೊನೆಯ ಅರೆಬರೆ ತುಂಡಿನ ದೋಷ ತೀರಾ ಸಣ್ಣದಾಗುತ್ತದೆ.

ಇನ್ನೊಂದು ಬಲೆ ಇದೆ. ಕಣ್ಣಿಗೆ ಹಿತವಾಗಲೆಂದು ಪ್ರೊಜೆಕ್ಟರು ತಾನೇ ಲೆಕ್ಕ ತಿದ್ದುತ್ತದೆ. ಕಂಪ್ಯೂಟರಿನಿಂದ 128 ಎಂದು ಕಳುಹಿಸಿದರೆ ಅರ್ಧ ಬೆಳಕು ಬಂತು ಎಂದು ತಿಳಿಯಬೇಡಿ. ಸಾಮಾನ್ಯವಾಗಿ ಪಾಲಿಸುವ 2.2ರ ಸೂತ್ರದಲ್ಲಿ ಹೊರಬೀಳುವುದು ನೂರಕ್ಕೆ ಸುಮಾರು 22 ಮಾತ್ರ. ಕನ್ನಡಿಯ ಲೆಕ್ಕದಲ್ಲಿ ಸುಮಾರು 56 ಪಾಲು. ಕ್ಯಾಮೆರಾವೂ ತನ್ನ ಕಡೆಯಿಂದ ಚಿತ್ರವನ್ನು ಚಂದಗಾಣಿಸುತ್ತದೆ. ಇಬ್ಬರು ಮಧ್ಯವರ್ತಿಗಳು ಸೇರಿದ ವ್ಯವಹಾರದ ಹಾಗೆ, ಕೊನೆಗೆ ಕೈಗೆ ಬಂದದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಾಗುವುದಿಲ್ಲ. ದಾರಿ ಒಂದೇ. ಕ್ಯಾಮೆರಾದ ಸ್ವಯಂಚಾಲಿತ ವ್ಯವಸ್ಥೆಗಳನ್ನೆಲ್ಲ ನಿಲ್ಲಿಸಿ, 0, 16, 32 ಹೀಗೆ 255ರ ತನಕ ಒಂದೊಂದೇ ಬೂದು ಚೌಕ ಎಸೆದು, ಹಿಡಿದು, ಎದುರುಬದುರಾಗಿ ಪಟ್ಟಿ ಬರೆಯಬೇಕು. ಪ್ರೊಜೆಕ್ಟರ್ ಪೂರ್ತಿ ಕಪ್ಪು ಎಸೆಯುತ್ತಿರುವಾಗಲೂ ಒಂದು ಚಿತ್ರ ಹಿಡಿದು, ಅದನ್ನು ಎಲ್ಲದರಿಂದ ಕಳೆಯಬೇಕು. ಅದು ಕೋಣೆಯ ಬೆಳಕಿನ ಪಾಲು. ಬಿಸಿಲಲ್ಲೂ ಹಳೆಯ ತಂತಿ ಬಲ್ಬಿನಲ್ಲೂ ಅವಕೆಂಪು ಧಾರಾಳ. ಬಿಳಿ ಎಲ್‌ಇಡಿ ಬಲ್ಬಿನಲ್ಲಿ ಬಹಳ ಕಡಿಮೆ. ಹೀಗಾಗಿ ಪರದೆ ಎಳೆದು ಎಲ್‌ಇಡಿ ಬಲ್ಬು ಹಾಕಿದ ಕೋಣೆ ಈ ಕೆಲಸಕ್ಕೆ ಲೇಸು.

ಬೂದು ಯಾಕೆ ಬೇಕು?

ಇಷ್ಟು ಕಷ್ಟಪಟ್ಟು ಬೂದು ಛಾಯೆ ಯಾಕೆ, ಬರೀ ಕಪ್ಪು-ಬಿಳಿ ಸಾಲದೆ ಎಂದು ಕೇಳಬಹುದು. ಕೆಲವು ಕೆಲಸಕ್ಕೆ ಸಾಕು. ಒಂದು ವಸ್ತುವಿನ ಮೇಲೆ ಕಪ್ಪು-ಬಿಳಿ ಪಟ್ಟೆಗಳನ್ನು ಎಸೆದು, ಉಬ್ಬು-ತಗ್ಗಿನ ಮೇಲೆ ಅವು ಹೇಗೆ ವಕ್ರವಾದವು ಎಂದು ಪಕ್ಕದಿಂದ ನೋಡಿದರೆ ವಸ್ತುವಿನ ಆಕಾರ ಲೆಕ್ಕ ಹಾಕಬಹುದು. ಹತ್ತು ಬಗೆಯ ಪಟ್ಟೆಗಳನ್ನು ಒಂದರ ಹಿಂದೊಂದು ಎಸೆದರೆ 1024 ಕಂಬಸಾಲುಗಳಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ಗುರುತು ಸಿಗುತ್ತದೆ. ಇದಕ್ಕೆ ಬಳಸುವ ಸಂಕೇತಕ್ಕೆ ‘ಗ್ರೇ ಕೋಡ್’ ಎಂದು ಹೆಸರು. ಇಲ್ಲಿ ಗ್ರೇ ಎಂದರೆ ಬೂದು ಎಂದುಕೊಳ್ಳಬೇಡಿ. ಅದು 1953ರಲ್ಲಿ ಪೇಟೆಂಟ್ ಪಡೆದ, ಬೆಲ್ ಪ್ರಯೋಗಾಲಯದ ಫ್ರಾಂಕ್ ಗ್ರೇ ಎಂಬವರ ಹೆಸರು.

ಆದರೆ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಳೆಯಬೇಕಾದರೆ ಕಪ್ಪಿನಿಂದ ಬಿಳಿಗೆ ಮೆಲ್ಲನೆ ಏರಿ ಇಳಿಯುವ ಅಲೆಯಂಥ ಪಟ್ಟೆಗಳೇ ಬೇಕು. ಅಲೆಯನ್ನು ಮೂರರಲ್ಲೊಂದು ಪಾಲಿನಷ್ಟು ಸರಿಸುತ್ತಾ ಮೂರು ಫೋಟೋ ಹಿಡಿದರೆ, ಎರಡು ಪಟ್ಟೆಗಳ ನಡುವಿನ ಒಂದೊಂದು ಬಿಂದುವಿನ ಸ್ಥಾನವೂ ಗೊತ್ತಾಗುತ್ತದೆ. ಬೂದಿನ ಲೆಕ್ಕ ತಪ್ಪಿದರೆ ನಯವಾದ ಗಲ್ಲದ ಮೇಲೆ ಇಲ್ಲದ ಅಲೆಗಳು ಎದ್ದು ತೋರುತ್ತವೆ. ಇದನ್ನೆಲ್ಲ ಕಾಣುವ ಬೆಳಕಿನಲ್ಲಿ ಮಾಡಿದರೆ ಎದುರು ಕುಳಿತ ಮಗು ಕಣ್ಣು ಮುಚ್ಚಿಕೊಂಡು ಅತ್ತೀತು. ಅವಕೆಂಪಿನಲ್ಲಿ ಮಾಡಿದರೆ ಅದಕ್ಕೆ ಸುಳಿವೇ ಇಲ್ಲ. ಯಾರಿಗೂ ಕಾಣದ ಚಿತ್ರ ಎಸೆಯುವುದರ ಪ್ರಯೋಜನ ಇದು.

ಕೈಗೆ ಬಂದ ಚಿತ್ರ

ಈಗ ಮತ್ತೆ ಮುಂಗೈಗೆ ಬರೋಣ. 700ರಿಂದ 900 ನ್ಯಾನೋಮೀಟರಿನ ಅವಕೆಂಪು ನಮ್ಮ ಚರ್ಮದೊಳಗೆ ಕೆಲವು ಮಿಲಿಮೀಟರ್ ಇಳಿಯುತ್ತದೆ. ಕೊಬ್ಬು ಅದನ್ನು ಚೆದುರಿಸಿ ಹಿಂದಕ್ಕೆ ಕಳಿಸುತ್ತದೆ. ನಾಳದಲ್ಲಿನ ರಕ್ತ ಹೀರಿಕೊಳ್ಳುತ್ತದೆ. ಕ್ಯಾಮೆರಾದಲ್ಲಿ ಕೈ ತಿಳಿ ಬೂದಾಗಿಯೂ ನಾಳಗಳು ಗಾಢ ಬೂದಾಗಿಯೂ ಕಾಣುತ್ತವೆ. ಅಮೆರಿಕದ ಮೆಂಫಿಸ್ ನಗರದ ಟೆನೆಸ್ಸೀ ವಿಶ್ವವಿದ್ಯಾಲಯದ ಹರ್ಬರ್ಟ್ ಜೆಮನ್ ಈ ಚಿತ್ರವನ್ನು ದೂರದ ಪರದೆಯಲ್ಲಿ ತೋರಿಸುವ ಬದಲು, ಡಿ.ಎಲ್.ಪಿ. ಕನ್ನಡಿಗಳಿಂದ ಹಸಿರು ಬೆಳಕಿನಲ್ಲಿ ಮರಳಿ ಅದೇ ಕೈಯ ಮೇಲೆ ಬೀಳಿಸುವ ಯಂತ್ರ ರೂಪಿಸಿದರು. ‘ವೇನ್‌ವ್ಯೂವರ್’ ಎಂಬ ಹೆಸರಿನಲ್ಲಿ ಅದು ಆಸ್ಪತ್ರೆಗಳಿಗೆ ಬಂತು. ಅದರ ಬೆಳಕಿನಡಿ ಕೈ ಹಿಡಿದರೆ ಚರ್ಮದ ಮೇಲೆಯೇ ನಾಳಗಳ ನಕ್ಷೆ.

ಆದರೆ, ಓದುಗ ಬಂಧುಗಳೇ, ನಕ್ಷೆಯೇ ಊರಲ್ಲ. ನಾಳ ಎಲ್ಲಿದೆ ಎಂದು ಯಂತ್ರ ತೋರಿಸುತ್ತದೆ. ಎಷ್ಟು ಆಳದಲ್ಲಿದೆ, ಗೋಡೆ ಗಟ್ಟಿಯೋ ಮೆತ್ತಗೋ ಎಂದು ಹೇಳುವುದಿಲ್ಲ. ಎತ್ತರ ಹೆಚ್ಚುಕಡಿಮೆಯಾಗಿ ಚಿತ್ರ ಸ್ವಲ್ಪ ಸರಿದರೆ ಸೂಜಿಯೂ ಸರಿದೀತು. ಇಂಥ ಯಂತ್ರಗಳಿಂದ ಮೊದಲ ಬಾರಿಗೇ ಸೂಜಿ ಕೂರುವುದು ಹೆಚ್ಚಾಯಿತೇ ಎಂದು ಮಕ್ಕಳ ಮೇಲೆ ನಡೆದ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ. ನಾಳ ಸಿಗುವುದೇ ಕಷ್ಟವಾದವರಿಗೆ ಉಪಯೋಗ, ಉಳಿದವರಿಗೆ ಅಷ್ಟಕ್ಕಷ್ಟೇ ಎಂಬಂತೆ ಫಲಿತಾಂಶಗಳಿವೆ. ಅನುಭವಸ್ಥ ನರ್ಸಿನ ಬೆರಳ ತುದಿಗೆ ತಿಳಿಯುವ ಮಿಡುಕು ಇನ್ನೂ ಯಾವ ಕನ್ನಡಿಗೂ ತಿಳಿದಿಲ್ಲ. ಬೆಳಕು ತೋರಿಸಲಿ, ಬೆರಳು ತೀರ್ಮಾನಿಸಲಿ.

ಇನ್ನೊಂದು ಪಾಠವನ್ನು ನಾವೆಲ್ಲ ನಮ್ಮ ಬೆರಳಲ್ಲೇ ಹೊತ್ತಿದ್ದೆವು. 2020-21ರ ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಿಗೆ ಬಂದ ಆಕ್ಸಿಮೀಟರ್ ನೆನಪಿದೆಯಲ್ಲ? ಅದು ಕೆಂಪು ಮತ್ತು ಅವಕೆಂಪು ಎರಡನ್ನೂ ಬೆರಳಿನ ಮೂಲಕ ಹಾಯಿಸಿ, ಎರಡರ ಅನುಪಾತದಿಂದ ರಕ್ತದ ಆಮ್ಲಜನಕ ಹೇಳುತ್ತದೆ. 2020ರ ಡಿಸೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಅಮೆರಿಕದ ವರದಿಯೊಂದು, ಆಮ್ಲಜನಕ ನಿಜವಾಗಿ ಕುಸಿದಿದ್ದರೂ ಯಂತ್ರ ಸರಿಯಾಗಿದೆ ಎಂದು ಹೇಳಿದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ಜನಾಂಗದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು ತೋರಿಸಿತು. ಚರ್ಮದ ಮೆಲನಿನ್ ಎಂಬ ವರ್ಣದ್ರವ್ಯ ಅವಕೆಂಪನ್ನು ಕಾಣುವ ಬೆಳಕಿಗಿಂತ ಕಡಿಮೆ ಹೀರುತ್ತದೆ, ನಿಜ. ಗಾಢ ಬಣ್ಣದ ಚರ್ಮದಡಿಯೂ ಅವಕೆಂಪಿನಲ್ಲಿ ನಾಳ ಕಾಣುವುದು ಅದರಿಂದಲೇ. ಆದರೆ ‘ಕಡಿಮೆ’ ಎಂದರೆ ‘ಇಲ್ಲ’ ಎಂದಲ್ಲ. ಯಂತ್ರದ ಬೂದು ಮೆಟ್ಟಿಲುಗಳನ್ನು ಯಾರ ಚರ್ಮದ ಮೇಲೆ ಅಳೆದು ಕಟ್ಟಿದರು ಎಂಬ ಪ್ರಶ್ನೆ ಕೇಳಲೇಬೇಕಾದದ್ದು. ಮಂಗಳೂರಿನ, ಬೀದರಿನ, ಚಾಮರಾಜನಗರದ ಕೈಗಳಿಗೆ ಬಳಸುವ ಯಂತ್ರ ಆ ಕೈಗಳ ಮೇಲೆಯೇ ಪರೀಕ್ಷೆಗೆ ನಿಂತಿರಬೇಕು. ಪ್ರಾಜೆಕ್ಟ್ ಮಾಡುವ ಮಕ್ಕಳು ಇದನ್ನು ಮರೆಯದಿರಲಿ. ಗೆಳೆಯರ ಬಳಗದಲ್ಲಿ ಎಲ್ಲ ಬಣ್ಣದ, ಎಲ್ಲ ವಯಸ್ಸಿನ ಮುಂಗೈಗಳನ್ನೂ ಕೇಳಿ ಪಡೆದು ಹಿಡಿಯಿರಿ.

ಎಚ್ಚರಿಕೆ

ಕೊನೆಯದಾಗಿ ತಂದೆತಾಯಂದಿರಿಗೂ ಮಕ್ಕಳಿಗೂ ಒಂದು ಗಂಭೀರವಾದ ಮಾತು. ಕಣ್ಣಿಗೆ ತೀಕ್ಷ್ಣವಾದ ಬೆಳಕು ಬಿದ್ದರೆ ರೆಪ್ಪೆ ತಾನಾಗಿ ಮುಚ್ಚುತ್ತದೆ, ಪಾಪೆ ಕಿರಿದಾಗುತ್ತದೆ. ಅವಕೆಂಪಿಗೆ ಈ ಕಾವಲಿಲ್ಲ. ಕತ್ತಲ ಕೋಣೆಯಲ್ಲಿ ಪಾಪೆ ಅಗಲವಾಗಿ ತೆರೆದಿರುತ್ತದೆ, ದೀಪ ಉರಿಯುತ್ತಿದೆಯೋ ಇಲ್ಲವೋ ತಿಳಿಯದೆ ಹುಡುಗರು ಲೆನ್ಸಿನೊಳಗೆ ಇಣುಕುತ್ತಾರೆ. ಆ ಬೆಳಕು ಅಕ್ಷಿಪಟಲದ ಮೇಲೆ ಕೇಂದ್ರೀಕರಿಸಿ ಸುಡಬಹುದು. ಅಲ್ಲಿ ನೋವು ತಿಳಿಸುವ ನರವೂ ಇಲ್ಲ. ದೀಪ ಉರಿಯುತ್ತಿದೆಯೇ ಎಂದು ನೋಡುವುದು ಮೊಬೈಲ್ ಕ್ಯಾಮೆರಾದಿಂದ, ಅದೂ ಗೋಡೆಯ ಮೇಲೆ. ಕಣ್ಣಿನಿಂದ ಎಂದಿಗೂ ಬೇಡ. ಪಾದರಸ ದೀಪದ ಪ್ರೊಜೆಕ್ಟರನ್ನು ಮನೆಯಲ್ಲಿ ಬಿಚ್ಚಲೂ ಬೇಡಿ. ಒಳಗೆ ಭಾರಿ ಒತ್ತಡದ ಬುರುಡೆ, ಅದನ್ನು ಹೊತ್ತಿಸಲು ಸಾವಿರಾರು ವೋಲ್ಟ್. ಸಣ್ಣ ಎಲ್‌ಇಡಿ ಪ್ರೊಜೆಕ್ಟರ್, ಅಧ್ಯಾಪಕರ ಮೇಲ್ವಿಚಾರಣೆ, ಕಾಲೇಜಿನ ಪ್ರಯೋಗಾಲಯ, ಈ ಮೂರೂ ಇದ್ದರೆ ಮಾತ್ರ ಕೈಹಾಕಿ.

ಹಾಗೆಯೇ ಕಾಣದ ಬೆಳಕಿನಿಂದ ಯಾರನ್ನಾದರೂ ಅಳೆಯುವ ಮೊದಲು ಅವರಿಗೆ ಹೇಳಿ, ಒಪ್ಪಿಗೆ ಪಡೆಯಿರಿ. ಅವರಿಗೆ ಗೊತ್ತಾಗುವುದಿಲ್ಲ ಎಂಬುದು ಯಂತ್ರದ ಅನುಕೂಲವೇ ಹೊರತು ನಮಗೆ ಸಿಕ್ಕ ಪರವಾನಗಿಯಲ್ಲ.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಹೇಳಿದ್ದು ಕಣ್ಣಿಗೆ ಕಾಣುವುದರ ಬಗ್ಗೆ. ಕಾಣದ್ದರ ಬಗ್ಗೆ ಆ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಕಾಣುವ ಚಿತ್ರ ಕೆಟ್ಟರೆ ಸಭೆಯಲ್ಲಿ ಯಾರಾದರೂ ಎದ್ದು ಕೂಗಿ ಹೇಳುತ್ತಾರೆ. ಅವಕೆಂಪು ಚಿತ್ರ ಕೆಟ್ಟರೆ ಹೇಳುವವರಿಲ್ಲ. ನಾವು ಬರೆದಿಟ್ಟ ಆ ಬೂದು ಪಟ್ಟಿಯೇ ಹೇಳಬೇಕು. ಅದರ ಒಂದೊಂದು ಸಾಲಿಗೆ ಸಾಲಬೇಕಾದ ತಾಳ್ಮೆಯ ಮೇಲೆ, ನಾಳೆ ಯಾವುದೋ ಆಸ್ಪತ್ರೆಯಲ್ಲಿ ಒಂದು ಮಗುವಿನ ಕೈಗೆ ಸೂಜಿ ಒಂದೇ ಸಲ ಚುಚ್ಚುವುದೋ ನಾಲ್ಕು ಸಲವೋ ಎಂಬುದು ನಿಂತಿರಬಹುದು.

ರಿಮೋಟ್ ಮತ್ತು ಮೊಬೈಲಿನ ಪರೀಕ್ಷೆಯನ್ನು ಮನೆಯ ಮಕ್ಕಳೊಂದಿಗೆ ಇಂದೇ ಮಾಡಿ ನೋಡಿ. ಹಿತ್ತಲಿನ ತುಳಸಿ, ಅಪ್ಪನ ಕಪ್ಪು ಕೊಡೆ, ಅಜ್ಜಿಯ ಕಾಡಿಗೆ ಡಬ್ಬಿ ಅವಕೆಂಪಿನಲ್ಲಿ ಹೇಗೆ ಕಂಡವು ಎಂದು ಸಂಪಾದಕರ ವಿಳಾಸಕ್ಕೆ ಬರೆದು ತಿಳಿಸಿದರೆ, ಮುಂದಿನ ತಿಂಗಳ ಕಿಟಕಿಯಲ್ಲಿ ಮೊದಲ ಜಾಗ ಅವಕ್ಕೇ ಮೀಸಲು.